ನೀರಿನ ಮಾತ್ರೆ: ಮನೆಯವರೂ ನರ್ಸಿಂಗ್ ಕಲಿಯುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಯ (ಗಂಭೀರ ಕಾಯಿಲೆಯವರ ನೋವು, ಕಷ್ಟ ಕಮ್ಮಿ ಮಾಡುವ ಆರೈಕೆಯ) ನೀತಿ ತಂದ ಮೇಲೆ ನಮ್ಮ ಪಂಚಾಯತುಗಳ ನರ್ಸುಗಳು ಮನೆಮನೆಗೆ ಹೋಗುವುದು ಹೆಚ್ಚಾಯಿತು. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮನೆಗಳಲ್ಲಿ ನಾವು ಅತಿ ಹೆಚ್ಚು ಉತ್ತರ ಹೇಳಬೇಕಾಗಿ ಬರುವುದು ಮೂತ್ರ ಹೋಗಿಸುವ ಮಾತ್ರೆಯ, ಅಂದರೆ ನೀರಿನ ಮಾತ್ರೆಯ ಬಗ್ಗೆ. ಮಾತ್ರೆ ಸಣ್ಣದು. ಅದನ್ನು ಬಾಯಿಗೆ ಹಾಕುವುದಕ್ಕೆ ಅರ್ಧ ನಿಮಿಷ ಸಾಕು. ಕೊಡುವ ಮೊದಲು ಏನು ನೋಡಿದಿರಿ, ಕೊಟ್ಟ ಮೇಲೆ ಏನು ಬರೆದಿಟ್ಟಿರಿ ಎನ್ನುವುದೇ ನಿಜವಾದ ಆರೈಕೆ. ಮನೆಭೇಟಿಯಲ್ಲಿ, ಫೋನಿನಲ್ಲಿ, ನರ್ಸಿಂಗ್ ಕಲಿಯುವ ಮಕ್ಕಳ ಮಾತಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಡೋಸು ಮಾತ್ರ ಯಾವಾಗಲೂ ನಿಮ್ಮ ಡಾಕ್ಟರು ಬರೆದದ್ದೇ ಆಗಬೇಕು.

## ಮೊದಲಿಗೆ ಕೇಳುವುದು

ಸಿಸ್ಟರ್, ಅಪ್ಪನಿಗೆ ಮೂತ್ರ ಸರಿಯಾಗಿಯೇ ಹೋಗುತ್ತದೆ. ಮತ್ತೆ ಮೂತ್ರದ ಮಾತ್ರೆ ಯಾಕೆ ಕೊಟ್ಟಿದ್ದಾರೆ?

ಮೂತ್ರ ಕಟ್ಟಿದೆ ಅಂತ ಕೊಡುವ ಮಾತ್ರೆ ಅಲ್ಲ ಇದು. ಹೃದಯ ಸೋತಾಗ, ಕಿಡ್ನಿ ಅಥವಾ ಲಿವರ್ ಕೆಟ್ಟಾಗ ದೇಹದಲ್ಲಿ ಉಪ್ಪು ಮತ್ತು ನೀರು ಉಳಿದುಬಿಡುತ್ತವೆ. ಆ ನೀರು ಕಾಲಿಗೆ ಇಳಿದರೆ ಬಾವು, ಹೊಟ್ಟೆಯಲ್ಲಿ ನಿಂತರೆ ಹೊಟ್ಟೆ ಉಬ್ಬರ, ಶ್ವಾಸಕೋಶಕ್ಕೆ ಸೇರಿದರೆ ದಮ್ಮು. ಈ ಮಾತ್ರೆ ಕಿಡ್ನಿಯಿಂದ ಉಪ್ಪನ್ನು ಹೆಚ್ಚು ಹೊರಗೆ ಹಾಕಿಸುತ್ತದೆ. ಉಪ್ಪಿನ ಹಿಂದೆ ನೀರೂ ಹೋಗುತ್ತದೆ. ಕೆಲವರಿಗೆ ಬಾವು ಇಲ್ಲದಿದ್ದರೂ ಬಿಪಿ ಇಳಿಸಲಿಕ್ಕೆ ಇದೇ ಗುಂಪಿನ ಮಾತ್ರೆ ಕೊಡುತ್ತಾರೆ.

ಲ್ಯಾಸಿಕ್ಸ್, ಡೈಟರ್, ಆಲ್ಡಾಕ್ಟೋನ್ ಎಲ್ಲ ಒಂದೇ ಅಲ್ವಾ?

ಅಲ್ಲ. ಈ ವ್ಯತ್ಯಾಸ ಗೊತ್ತಿರಲೇಬೇಕು.

ಲ್ಯಾಸಿಕ್ಸ್‌ನಲ್ಲಿರುವುದು ಫ್ಯೂರೋಸಿಮೈಡ್, ಡೈಟರ್‌ನಲ್ಲಿರುವುದು ಟಾರ್ಸಿಮೈಡ್. ಎರಡೂ ಜೋರಿನವು. ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಕೆಲಸ ಸುರುವಾಗುತ್ತದೆ, ಸುಮಾರು ಆರರಿಂದ ಎಂಟು ಗಂಟೆಯಲ್ಲಿ ಮುಗಿಯುತ್ತದೆ. ಇವು ನೀರಿನ ಜೊತೆ, ಹೃದಯ ಮತ್ತು ಸ್ನಾಯುಗಳ ಕೆಲಸಕ್ಕೆ ಬೇಕಾದ ಪೊಟ್ಯಾಸಿಯಂ ಎನ್ನುವ ಲವಣವನ್ನೂ ಹೊರಗೆ ಹಾಕುತ್ತವೆ. ಬಿಪಿಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ನಿಧಾನದವು. ಅವೂ ಪೊಟ್ಯಾಸಿಯಂ, ಸೋಡಿಯಂ ಎರಡನ್ನೂ ಇಳಿಸಬಲ್ಲವು. ಆಲ್ಡಾಕ್ಟೋನ್, ಅಂದರೆ ಸ್ಪೈರೋನೊಲ್ಯಾಕ್ಟೋನ್, ಇವಕ್ಕೆ ತಿರುಗಾ ಮುರುಗಾ. ಅದು ಪೊಟ್ಯಾಸಿಯಮನ್ನು ದೇಹದಲ್ಲೇ ಉಳಿಸುತ್ತದೆ. ಅದರ ಪೂರ್ತಿ ಪರಿಣಾಮ ಕಾಣಲು ಎರಡು ಮೂರು ದಿನ ಬೇಕು.

ಡೈಟರ್ ಪ್ಲಸ್, ಲ್ಯಾಸಿಲ್ಯಾಕ್ಟೋನ್ ಎನ್ನುವವು ಜೋಡಿ ಮಾತ್ರೆಗಳು. ಜೋರಿನದೊಂದು, ಪೊಟ್ಯಾಸಿಯಂ ಉಳಿಸುವುದೊಂದು, ಎರಡೂ ಒಂದರಲ್ಲೇ ಇರುತ್ತವೆ. ಹಾಗಾಗಿ ಡೈಟರ್ ಮತ್ತು ಡೈಟರ್ ಪ್ಲಸ್ ಬೇರೆ ಬೇರೆ ಮದ್ದು. ಅಂಗಡಿಯಲ್ಲಿ ಹೆಸರು ಪೂರ್ತಿ ಹೇಳಿ, ಚೀಟಿಯನ್ನೂ ತೋರಿಸಿ.

ಯಾವ ಹೊತ್ತಿಗೆ ಕೊಡುವುದು? ರಾತ್ರಿ ಊಟದ ನಂತರ ಉಳಿದ ಮಾತ್ರೆಗಳ ಜೊತೆ ಕೊಟ್ಟರೆ ಆಗದಾ?

ಬೆಳಿಗ್ಗೆ ಕೊಡಿ. ದಿನಕ್ಕೆ ಎರಡು ಸಲ ಅಂತ ಬರೆದಿದ್ದರೆ ಎರಡನೆಯದ್ದು ಮಧ್ಯಾಹ್ನ ಎರಡರ ಹೊತ್ತಿಗೆ. ಸಂಜೆ ನಾಲ್ಕು ದಾಟುವುದು ಬೇಡ. ರಾತ್ರಿ ಕೊಟ್ಟರೆ ನಿದ್ದೆ ಹಾಳು ಎನ್ನುವುದು ಸಣ್ಣ ಸಂಗತಿ. ಕತ್ತಲಲ್ಲಿ ನಾಲ್ಕು ಸಲ ಏಳುವುದು, ಬೀಳುವುದು, ತೊಡೆಯ ಮೂಳೆ ಮುರಿಯುವುದು, ಇದು ದೊಡ್ಡ ಸಂಗತಿ. ಫ್ಯೂರೋಸಿಮೈಡ್ ಊಟದ ಜೊತೆ ಹೋದರೆ ರಕ್ತಕ್ಕೆ ಸೇರುವುದು ಸ್ವಲ್ಪ ಕಮ್ಮಿಯಾಗುತ್ತದೆ. ಅದಕ್ಕೇ ಒಂದು ದಿನ ಖಾಲಿ ಹೊಟ್ಟೆಗೆ, ಇನ್ನೊಂದು ದಿನ ದೋಸೆಯ ಮೇಲೆ ಅಂತ ಬದಲಾಯಿಸಬೇಡಿ. ಸ್ಪೈರೋನೊಲ್ಯಾಕ್ಟೋನ್ ಊಟದ ಜೊತೆ ಕೊಡುವುದೇ ಒಳ್ಳೆಯದು.

ನಾಳೆ ಮಂಗಳೂರಿಗೆ ಡಾಕ್ಟರ ಹತ್ರ ಹೋಗಲಿಕ್ಕಿದೆ. ಬಸ್ಸಿನಲ್ಲಿ ಮೂತ್ರ ಬಂದರೆ ಏನು ಮಾಡುವುದು? ಒಂದು ದಿನ ಬಿಡಬಹುದಾ?

ಈ ಪ್ರಶ್ನೆ ನಮ್ಮ ಊರಿನದ್ದೇ. ಗಡಿಯ ತಲಪಾಡಿ ದಾಟಿ ಆಸ್ಪತ್ರೆಗೆ ಹೋಗುವವರು ಇಲ್ಲಿ ಅಷ್ಟು ಜನ ಇದ್ದಾರೆ. ಮಾತ್ರೆ ಬಿಡಬೇಡಿ, ಹೊತ್ತು ಬದಲಿಸಿ. ಮೂತ್ರ ಜೋರಾಗಿ ಹೋಗುವುದು ಮಾತ್ರೆ ತೆಗೆದುಕೊಂಡ ಮೊದಲ ಎರಡು ಮೂರು ಗಂಟೆ. ಮನೆಗೆ ಬಂದು ಮಧ್ಯಾಹ್ನ ಎರಡು ಮೂರರೊಳಗೆ ಕೊಟ್ಟರೂ ಆಗುತ್ತದೆ ಅಂತ ಹೆಚ್ಚಿನ ಡಾಕ್ಟರುಗಳು ಒಪ್ಪುತ್ತಾರೆ. ಆದರೆ ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಮಾತ್ರೆಯನ್ನು ಚೀಲದಲ್ಲಿ ಇಟ್ಟುಕೊಂಡು ಹೋಗಿ. “ಇವತ್ತಿನ ನೀರಿನ ಮಾತ್ರೆ ಇನ್ನೂ ಆಗಿಲ್ಲ” ಅಂತ ಡಾಕ್ಟರಿಗೆ ಹೇಳಿ. ಹೇಳದಿದ್ದರೆ ಆ ದಿನದ ಬಿಪಿ, ತೂಕ, ಬಾವು ನೋಡಿ ಅವರು ಡೋಸು ಸುಮ್ನೆ ಏರಿಸುವ ಸಾಧ್ಯತೆ ಇದೆ.

ಮದುವೆ, ಕೋಲ, ಯಕ್ಷಗಾನಕ್ಕೆ ಹೋಗುವಾಗಲೂ ಇದೇ ಲೆಕ್ಕ. ವಾರಕ್ಕೆ ಮೂರು ಕಾರ್ಯಕ್ರಮ ಅಂತ ಮೂರು ದಿನ ಬಿಟ್ಟವರು ನಾಲ್ಕನೇ ರಾತ್ರಿ ಉಸಿರಾಡಲಿಕ್ಕಾಗದೆ ಆಸ್ಪತ್ರೆ ಸೇರಬೇಕಾದೀತು.

ಬೆಳಿಗ್ಗೆ ಕೊಡಲು ಮರೆತೇಹೋಯಿತು. ನಾಳೆ ಎರಡು ಕೊಡುವುದಾ?

ಬೇಡವೇ ಬೇಡ. ಮಧ್ಯಾಹ್ನದೊಳಗೆ ನೆನಪಾದರೆ ಕೊಡಿ. ಸಂಜೆಯಾಗಿದ್ದರೆ ಇವತ್ತಿನದ್ದು ಬಿಡಿ, ನಾಳೆ ಎಂದಿನಂತೆ ಒಂದೇ. ಮರೆತದ್ದನ್ನು ಪುಸ್ತಕದಲ್ಲಿ ಬರೆದಿಡಿ.

ಕಾಲಿನ ಬಾವು ಪೂರಾ ಇಳಿದಿದೆ. ಇನ್ನು ನಿಲ್ಲಿಸಬಹುದಲ್ವಾ?

ಬಾವು ಇಳಿದದ್ದು ಮಾತ್ರೆಯಿಂದ. ಹೃದಯ ಸರಿಯಾದ್ದರಿಂದ ಅಂತ ಹೇಳಲಿಕ್ಕಾಗದು. ನೀವಾಗಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ನೀರು ವಾಪಸ್ ಬರಬಹುದು. ಹಾಗಂತ ಬಾವು ಇಳಿದ ಮೇಲೂ ಹಳೆಯ ಜಾಸ್ತಿ ಡೋಸನ್ನೇ ತಿಂಗಳುಗಟ್ಟಲೆ ಕೊಟ್ಟರೆ ದೇಹ ಒಣಗಿ ಕಿಡ್ನಿಗೆ ಪೆಟ್ಟು ಬೀಳುತ್ತದೆ. ಬಾವು ಹೋಯಿತು, ತೂಕ ಇಷ್ಟಕ್ಕೆ ನಿಂತಿದೆ ಅಂತ ಡಾಕ್ಟರಿಗೆ ತಿಳಿಸಿ. ಡೋಸು ಇಳಿಸುವ ಹೊತ್ತು ಅದೇ.

## ಊಟ, ನೀರು, ಮನೆಮದ್ದು

ನೀರು ಹೋಗಲಿಕ್ಕೆ ಮಾತ್ರೆ ಕೊಟ್ಟು ನೀರು ಕುಡಿಸಿದರೆ ಏನು ಪ್ರಯೋಜನ? ಎಷ್ಟು ಕುಡಿಸುವುದು?

ಎಲ್ಲರಿಗೂ ಒಂದೇ ಅಳತೆ ಇಲ್ಲ. ಹೃದಯದ ತೊಂದರೆ ಜೋರಾಗಿರುವವರಿಗೆ ದಿನಕ್ಕೆ ಒಂದೂವರೆ ಎರಡು ಲೀಟರಿನ ಮಿತಿ ಹಾಕುತ್ತಾರೆ. ಬಿಪಿಗೆ ಮಾತ್ರ ಈ ಮಾತ್ರೆ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಮಿತಿ ಬೇಡ. ಮಿತಿ ಹೇಳಿದ್ದರೆ ಚಾ, ಮಜ್ಜಿಗೆ, ಗಂಜಿಯ ತಿಳಿ, ಸಾರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಬೆಳಿಗ್ಗೆ ಒಂದು ಬಾಟಲಿಯಲ್ಲಿ ದಿನದ ನೀರು ತುಂಬಿಸಿಡಿ. ಒಂದು ಲೋಟ ಚಾ ಕೊಟ್ಟರೆ ಬಾಟಲಿಯಿಂದ ಒಂದು ಲೋಟ ತೆಗೆಯಿರಿ. ಬಾಯಿ ಒಣಗಿದರೆ ಮುಕ್ಕಳಿಸಲು ಕೊಡಿ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬೆವರಿನಲ್ಲೇ ಎಷ್ಟೋ ನೀರು ಹೋಗುತ್ತದೆ. ಆಗ ಮಳೆಗಾಲದ ಮಿತಿಯನ್ನೇ ಹಿಡಿದು ಕೂರುವುದು ಸರಿಯಲ್ಲ, ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ.

ಗಂಜಿಗೆ ಉಪ್ಪಿನಕಾಯಿ ಇಲ್ಲದೆ ಅಜ್ಜ ಊಟವೇ ಮಾಡುವುದಿಲ್ಲ. ಏನು ಮಾಡುವುದು?

ಆರೋಗ್ಯವಂತರಿಗೇ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಸಣ್ಣ ಚಾ ಚಮಚಕ್ಕಿಂತ ಸ್ವಲ್ಪ ಕಮ್ಮಿ, ಅಷ್ಟೇ. ಮಾವಿನ ಮಿಡಿ, ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಇವೆಲ್ಲ ಮಳೆಗಾಲದ ಊಟದ ಜೀವ. ಅದೇ ಮಳೆಗಾಲದಲ್ಲಿ ಬಾವು ಏರಿದವರ ಫೋನು ನಮಗೆ ಜಾಸ್ತಿ ಬರುವುದು. ಮಾತ್ರೆ ಒಂದು ಕಡೆಯಿಂದ ಉಪ್ಪು ಹೊರಗೆ ಹಾಕುತ್ತಿರುವಾಗ ಇನ್ನೊಂದು ಕಡೆಯಿಂದ ನಾವು ತುಂಬಿಸುತ್ತಾ ಇದ್ದರೆ ಡೋಸು ಏರುತ್ತಲೇ ಹೋಗುತ್ತದೆ.

ಪೂರ್ತಿ ನಿಲ್ಲಿಸಿದರೆ ಅಜ್ಜ ಊಟ ಬಿಡುತ್ತಾರೆ, ಅದೂ ತೊಂದರೆ. ಗಂಜಿಗೆ ಬೇರೆ ಉಪ್ಪು ಹಾಕದೆ ಮಿಡಿಯ ಒಂದು ಸಣ್ಣ ತುಂಡು ಕೊಡಿ, ರಸ ಬೇಡ. ಉಪ್ಪು ಕಮ್ಮಿ ಮಾಡಿ ಕಾಯಿ ಚಟ್ನಿ, ಶುಂಠಿ, ನಿಂಬೆಹುಳಿ, ಕಾಳುಮೆಣಸಿನ ತಂಬುಳಿ ಮಾಡಿ. ಸೊಳೆಯನ್ನು ನೀರು ಬದಲಿಸಿ ಬದಲಿಸಿ ನೆನೆಸಿ ಹಿಂಡಿ. ಆಗಲೂ ಪೂರ್ತಿ ಉಪ್ಪು ಹೋಗುವುದಿಲ್ಲ, ಹಾಗಾಗಿ ಅದು ಅಪರೂಪಕ್ಕೆ ಮಾತ್ರ. ಅಂಗಡಿಯ ‘ಕಮ್ಮಿ ಸೋಡಿಯಂ’ ಉಪ್ಪು ತರುವ ಮೊದಲು ಕೇಳಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಇರುತ್ತದೆ. ಆಲ್ಡಾಕ್ಟೋನ್ ತೆಗೆದುಕೊಳ್ಳುವವರಿಗೆ, ಕಿಡ್ನಿ ತೊಂದರೆ ಇರುವವರಿಗೆ ಅದು ಅಪಾಯ.

ಬೊಂಡ ಕುಡಿಯಬಹುದಾ? ಒಬ್ಬರು ಕುಡಿಸಿ ಅಂತಾರೆ, ಇನ್ನೊಬ್ಬರು ಬೇಡ ಅಂತಾರೆ.

ಇಬ್ಬರು ಹೇಳಿದ್ದೂ ಸರಿ ಇರಬಹುದು. ಯಾವ ಮಾತ್ರೆ ಎನ್ನುವುದರ ಮೇಲೆ ಹೋಗುತ್ತದೆ.

ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಒಂದು ದೊಡ್ಡ ಬೊಂಡದಲ್ಲಿ ಅರ್ಧ ಗ್ರಾಮಿಗೂ ಹೆಚ್ಚು ಇರುತ್ತದೆ. ಬರೀ ಲ್ಯಾಸಿಕ್ಸ್ ಅಥವಾ ಡೈಟರ್ ತೆಗೆದುಕೊಂಡು, ಕಿಡ್ನಿ ಚೆನ್ನಾಗಿದ್ದು, ರಕ್ತದಲ್ಲಿ ಪೊಟ್ಯಾಸಿಯಂ ಕಮ್ಮಿ ಇರುವವರಿಗೆ ಡಾಕ್ಟರೇ ಕುಡಿಯಲು ಹೇಳುವುದುಂಟು. ಆದರೆ ಆಲ್ಡಾಕ್ಟೋನ್ ಅಥವಾ ಡೈಟರ್ ಪ್ಲಸ್ ಇದ್ದರೆ, ಜೊತೆಗೆ ಎನಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಥರದ ಬಿಪಿ ಮಾತ್ರೆ ಇದ್ದರೆ, ಮೇಲಿಂದ ಕಿಡ್ನಿ ಸ್ವಲ್ಪ ಸೋತಿದ್ದರೆ, ಪೊಟ್ಯಾಸಿಯಂ ಹೊರಗೆ ಹೋಗುವ ದಾರಿಯೇ ಮುಚ್ಚಿದ ಹಾಗೆ. ಏರಿದ ಪೊಟ್ಯಾಸಿಯಂ ಹೆಚ್ಚಾಗಿ ಏನೂ ಸೂಚನೆ ಕೊಡದೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ತೋಟದಲ್ಲೇ ತೆಂಗು ಇರುವ ಮನೆಯಲ್ಲಿ, ಸೆಕೆಗಾಲದಲ್ಲಿ, “ತಂಪು, ಒಳ್ಳೆಯದು” ಅಂತ ದಿನಕ್ಕೆ ಎರಡು ಬೊಂಡ ಕೊಡುವುದು ಪ್ರೀತಿಯಿಂದಲೇ. ಅದಕ್ಕೇ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಮಾತ್ರೆಯ ಹೆಸರು ನೋಡಿ, ಕೊನೆಯ ರಕ್ತಪರೀಕ್ಷೆ ನೋಡಿ, ಆಮೇಲೆ ಕೊಡಿ. ನೇಂದ್ರ ಬಾಳೆಹಣ್ಣಿಗೂ ಇದೇ ಮಾತು.

ಬಾಳೆದಿಂಡಿನ ರಸ, ಬಿಂಬುಳಿ ರಸ, ಕಷಾಯ ಕೊಟ್ಟು ಮಾತ್ರೆ ಕಮ್ಮಿ ಮಾಡಬಹುದಾ?

ಮಾತ್ರೆಯ ಬದಲಿಗೆ ಅಂತ ಬೇಡ. ಬಾಳೆದಿಂಡಿನ ಪಲ್ಯ ಊಟದಲ್ಲಿ ಇರಲಿ, ಆದರೆ ದಿನಾ ಲೋಟಗಟ್ಟಲೆ ರಸ ಕುಡಿದರೆ ಅದರ ಪೊಟ್ಯಾಸಿಯಂ ಲೆಕ್ಕಕ್ಕೆ ಬರುತ್ತದೆ. ಬಿಂಬುಳಿಯ ಗಟ್ಟಿ ರಸ ಮಾತ್ರ ಬೇಡವೇ ಬೇಡ. ಅದರ ಆಕ್ಸಲೇಟ್‌ನಿಂದ ಕಿಡ್ನಿ ಕೆಟ್ಟ ಪ್ರಕರಣಗಳು ಕೇರಳದಿಂದಲೇ ವರದಿಯಾಗಿವೆ. ಕಷಾಯದಲ್ಲಿ ಅತಿಮಧುರ ಇದ್ದರೆ ಅದು ನೀರನ್ನು ಹಿಡಿದಿಡುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನಾಟಿ ಅಥವಾ ಆಯುರ್ವೇದ ವೈದ್ಯರ ಮದ್ದು ಮಾಡುತ್ತಿದ್ದರೆ, ನಾವು ಬೈಯುತ್ತೇವೆ ಅಂತ ಮುಚ್ಚಿಡಬೇಡಿ. ನಮಗೆ ಹೇಳಿದರೆ ಹೊಂದಿಸಲು ಸಾಧ್ಯ.

ಏಕಾದಶಿಗೆ ಅಮ್ಮ ನೀರೂ ಕುಡಿಯುವುದಿಲ್ಲ. ಅವತ್ತು ಮಾತ್ರೆ ಕೊಡುವುದಾ? ರಂಜಾನ್ ತಿಂಗಳಲ್ಲಿ?

ನೀರೂ ಇಲ್ಲದೆ ಜೋರಿನ ನೀರಿನ ಮಾತ್ರೆ ಕೊಟ್ಟರೆ ಬಿಪಿ ಕುಸಿಯಬಹುದು. ಮಾತ್ರೆಯನ್ನೂ ಬಿಟ್ಟರೆ ದಮ್ಮು ಬರಬಹುದು. ಹಾಗಾಗಿ ಉಪವಾಸದ ವಿಷಯ ಒಂದು ವಾರ ಮೊದಲೇ ಡಾಕ್ಟರ ಹತ್ತಿರ ಎತ್ತಿ. ಬಿಪಿಗೆ ಸಣ್ಣ ಡೋಸಿನಲ್ಲಿ ತೆಗೆದುಕೊಳ್ಳುವ ಕೆಲವರಿಗೆ ಇಫ್ತಾರಿನ ನಂತರಕ್ಕೆ ಹೊತ್ತು ಬದಲಿಸಿ ಕೊಡುತ್ತಾರೆ. ಹೃದಯ ಸೋತು ಮಾತ್ರೆಯ ಮೇಲೆ ಇರುವವರಿಗೆ ನಿರ್ಜಲ ಉಪವಾಸ ಬೇಡ ಎಂದೇ ಹೇಳುತ್ತಾರೆ. ರೋಗಿಗೆ ವಿನಾಯಿತಿ ಎಲ್ಲ ಧರ್ಮದಲ್ಲೂ ಇದೆ. ಮನೆಯವರಿಗಿಂತ ಅರ್ಚಕರೋ ಉಸ್ತಾದರೋ ಹೇಳಿದರೆ ಹಿರಿಯರು ಒಪ್ಪುತ್ತಾರೆ.

## ಮನೆಯಲ್ಲಿ ನೋಡಿಕೊಳ್ಳುವವರು ಕೇಳುವುದು

ದಿನಾ ತೂಕ ನೋಡಿ ಅಂತೀರಿ. ಬಾವು ಕಣ್ಣಿಗೇ ಕಾಣುತ್ತದಲ್ಲ?

ಬಾವು ಕಣ್ಣಿಗೆ ಕಾಣುವಾಗ ಲೀಟರುಗಟ್ಟಲೆ ನೀರು ಸೇರಿ ಆಗಿರುತ್ತದೆ. ತೂಕ ಅದಕ್ಕಿಂತ ಮೊದಲೇ ಹೇಳುತ್ತದೆ. ಒಂದೆರಡು ದಿನದಲ್ಲಿ ಏರಿದ ಒಂದು ಕಿಲೋ ಅಂದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು. ಬೆಳಿಗ್ಗೆ ಎದ್ದು ಮೂತ್ರ ಮಾಡಿದ ಮೇಲೆ, ಚಾ ಕುಡಿಯುವ ಮೊದಲು, ಒಂದೇ ಥರದ ಬಟ್ಟೆಯಲ್ಲಿ, ಅದೇ ತಕ್ಕಡಿಯಲ್ಲಿ ನೋಡಿ. ತಕ್ಕಡಿ ಸಿಮೆಂಟ್ ನೆಲದ ಮೇಲಿರಲಿ, ಚಾಪೆಯ ಮೇಲೆ ಬೇಡ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಬಾವು ಕಾಣದಿದ್ದರೂ ಫೋನ್ ಮಾಡಿ. ಹಾಗೆಯೇ ತೂಕ ದಿನಾ ಇಳಿಯುತ್ತಲೇ ಹೋಗಿ, ಸುಸ್ತು, ಬಾಯಿ ಒಣಗುವುದು ಸೇರಿದರೂ ಫೋನ್ ಮಾಡಿ.

ನಿಲ್ಲಲಿಕ್ಕಾಗದವರಿಗೆ ಟೇಪು ಹಿಡಿಯಿರಿ. ಹೊಕ್ಕುಳಿನ ನೇರಕ್ಕೆ ಹೊಟ್ಟೆಯ ಸುತ್ತಳತೆ, ಮೀನಖಂಡದ ಸುತ್ತಳತೆ. ಅಳೆದ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ. ಮಲಗಿಯೇ ಇರುವವರಿಗೆ ನೀರು ಕಾಲಿಗಿಂತ ಮೊದಲು ಬೆನ್ನಿನ ಕೆಳಗೆ, ಸೊಂಟದ ಹಿಂದೆ ಸೇರುತ್ತದೆ. ಮಗ್ಗುಲು ತಿರುಗಿಸುವಾಗ ಅಲ್ಲಿ ಬೆರಳಿನಿಂದ ಒತ್ತಿ ನೋಡಿ. ಗುಳಿ ಬಿದ್ದು ಹಾಗೆಯೇ ನಿಂತರೆ ಅದು ನೀರು. ಆ ಚರ್ಮ ಬೇಗ ಒಡೆಯುತ್ತದೆ, ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ.

ಪದೇ ಪದೇ ಎಬ್ಬಿಸಲು ಆಗುವುದಿಲ್ಲ. ಮೂತ್ರಕ್ಕೆ ಟ್ಯೂಬ್ ಹಾಕಿಬಿಡಿ ಸಿಸ್ಟರ್.

ನಿಮ್ಮ ಕಷ್ಟ ಅರ್ಥವಾಗುತ್ತದೆ. ಒಬ್ಬರೇ ನೋಡಿಕೊಳ್ಳುವ ಮನೆಗಳು ಎಷ್ಟೋ ಇವೆ. ಆದರೂ ಬರೀ ಈ ಮಾತ್ರೆಗಾಗಿ ಟ್ಯೂಬ್ ಹಾಕುವುದಿಲ್ಲ. ಟ್ಯೂಬಿನಿಂದ ಸೋಂಕು ಬರುತ್ತದೆ, ಸೋಂಕಿನಿಂದ ಜ್ವರ, ಜ್ವರದಿಂದ ಆಸ್ಪತ್ರೆ. ಮಂಚದ ಪಕ್ಕ ಕಮೋಡ್ ಕುರ್ಚಿ, ಗಂಡಸರಿಗೆ ಯೂರಿನಲ್ ಬಾಟಲಿ ಇಡಿ. ಡೈಪರ್ ಆದರೆ ಒಣಗಿದ್ದಾಗಿನ ತೂಕ ಕಳೆದು ನೋಡಿ, ಒಂದು ಗ್ರಾಂ ಅಂದರೆ ಒಂದು ಮಿಲಿ ಮೂತ್ರ. ಮಾತ್ರೆ ಕೊಟ್ಟ ಮೊದಲ ಮೂರು ಗಂಟೆ ಯಾರಾದರೂ ಹತ್ತಿರ ಇರುವ ಹಾಗೆ ಹೊತ್ತು ಹೊಂದಿಸಿ. ಮಗ ಕೆಲಸಕ್ಕೆ ಹೊರಡುವ ಮೊದಲು ಆರು ಗಂಟೆಗೇ ಕೊಟ್ಟರೆ ಒಂಬತ್ತಕ್ಕೆ ಜೋರು ಮುಗಿದಿರುತ್ತದೆ.

ಎದ್ದ ಕೂಡಲೇ ತಲೆ ತಿರುಗುತ್ತದೆ ಅಂತಾರೆ. ಇದು ಮಾತ್ರೆಯಿಂದಲಾ?

ಇರಬಹುದು. ಮಲಗಿದ್ದಾಗ ಬಿಪಿ ನೋಡಿ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದ್ದು 10 ಇಳಿದರೆ ಡಾಕ್ಟರಿಗೆ ತಿಳಿಸಬೇಕು. ಮಂಚದಿಂದ ಏಳುವಾಗ ಮೊದಲು ಕೂರಲಿ, ಕಾಲು ಆಡಿಸಲಿ, ಆಮೇಲೆ ನಿಲ್ಲಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಶೌಚಾಲಯ ಹೊರಗೆ, ಮೆಟ್ಟಿಲು ಇಳಿದು ಅಂಗಳ ದಾಟಿ ಹೋಗಬೇಕು. ಮಳೆಗಾಲದಲ್ಲಿ ಅಲ್ಲಿ ಪಾಚಿ, ಮೇಲಿಂದ ಕರೆಂಟ್ ಇಲ್ಲ. ಪಾಚಿ ಉಜ್ಜಿಸಿ, ಹಿಡಿದುಕೊಳ್ಳಲು ಒಂದು ಪೈಪು ಹಾಕಿಸಿ, ದಿಂಬಿನ ಹತ್ತಿರ ಟಾರ್ಚ್ ಇಡಿ. ಈ ಮೂರು ಕೆಲಸ ಯಾವ ಮಾತ್ರೆಗಿಂತಲೂ ಕಮ್ಮಿ ಅಲ್ಲ.

ಅಜ್ಜಿ ಎರಡು ದಿನದಿಂದ ಏನೇನೋ ಮಾತಾಡುತ್ತಾರೆ. ವಯಸ್ಸಾಯಿತಲ್ಲ, ಅರಳುಮರಳು ಇರಬೇಕು?

ನಿಲ್ಲಿ. ಅರಳುಮರಳು ಎರಡು ದಿನದಲ್ಲಿ ಬರುವುದಿಲ್ಲ. ನೀರಿನ ಮಾತ್ರೆ ತೆಗೆದುಕೊಳ್ಳುವ ಹಿರಿಯರಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿ, ಮಂಪರು, ಬೀಳುವುದು ಕಂಡರೆ ಸೋಡಿಯಂ ಇಳಿದಿರಬಹುದು. ಥಯಜೈಡ್ ಗುಂಪಿನ (ಹೈಡ್ರೋಕ್ಲೋರೋಥಯಜೈಡ್, ಕ್ಲೋರ್‌ಥಾಲಿಡೋನ್ ಥರದ) ಬಿಪಿ ಮಾತ್ರೆ ಹೊಸದಾಗಿ ಸುರುಮಾಡಿದ ಮೊದಲ ವಾರಗಳಲ್ಲಿ, ಅದರಲ್ಲೂ ತೆಳ್ಳಗಿನ ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. ಮುಂದಿನ ಮಾತ್ರೆ ಕೊಡುವ ಮೊದಲೇ ಡಾಕ್ಟರನ್ನು ಸಂಪರ್ಕಿಸಿ, ಅದೇ ದಿನ ರಕ್ತಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದರೆ ಕೂಡಲೇ ಸಕ್ಕರೆಯನ್ನೂ ನೋಡಿ. ಮನೆಯಲ್ಲೇ ಉಪ್ಪು ನೀರು ಕುಡಿಸಿ ಸರಿಮಾಡಲು ಹೋಗಬೇಡಿ.

ವಾಂತಿಭೇದಿ ಸುರುವಾಗಿದೆ. ಮಾತ್ರೆ ಎಂದಿನಂತೆ ಕೊಡುವುದಾ?

ಕೊಡುವ ಮೊದಲು ಫೋನ್ ಮಾಡಿ. ಭೇದಿಯಲ್ಲಿ ನೀರು ಹೋಗುತ್ತಿರುವಾಗ ನೀರಿನ ಮಾತ್ರೆಯೂ ಸೇರಿದರೆ ಕಿಡ್ನಿ ನಿಂತುಹೋಗಬಹುದು. ಹೆಚ್ಚಾಗಿ ಡಾಕ್ಟರು ಒಂದೆರಡು ದಿನ ತಡೆಹಿಡಿಯಲು ಹೇಳುತ್ತಾರೆ. ಜೊತೆಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್ ಇದ್ದರೆ ಅವುಗಳ ಬಗ್ಗೆಯೂ ಕೇಳಿ. ತಿನ್ನಲು ಕುಡಿಯಲು ಸುರುಮಾಡಿದ ಮೇಲೆ ಮತ್ತೆ ಯಾವಾಗ ಸುರುಮಾಡುವುದು ಅಂತಲೂ ಅದೇ ಫೋನಿನಲ್ಲಿ ಕೇಳಿಕೊಳ್ಳಿ. ನಿಲ್ಲಿಸಿದ್ದನ್ನು ವಾಪಸ್ ಸುರುಮಾಡಲು ಮರೆಯುವವರು ಬಹಳ.

ಮೊಣಕಾಲು ನೋವಿಗೆ ಅಂಗಡಿಯಿಂದ ಮಾತ್ರೆ ತರಬಹುದಾ?

ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್ ಬೇಡ. ಅವು ನೀರನ್ನು ಹಿಡಿದಿಟ್ಟು ನೀರಿನ ಮಾತ್ರೆಯ ಕೆಲಸ ಕೆಡಿಸುತ್ತವೆ. ನೀರಿನ ಮಾತ್ರೆ, ಟೆಲ್ಮಿಸಾರ್ಟಾನ್ ಥರದ ಬಿಪಿ ಮಾತ್ರೆ, ನೋವಿನ ಮಾತ್ರೆ ಮೂರೂ ಒಟ್ಟಾದರೆ ಕಿಡ್ನಿಗೆ ದೊಡ್ಡ ಪೆಟ್ಟು. ಡಾಕ್ಟರ್ ಹೇಳಿದ ಮಿತಿಯಲ್ಲಿ ಪ್ಯಾರಾಸಿಟಮಾಲ್ ಆಗುತ್ತದೆ. ಕಾಲಿನ ಹೆಬ್ಬೆರಳಿನ ಬುಡ ಕೆಂಪಾಗಿ, ಮುಟ್ಟಲೂ ಆಗದಷ್ಟು ನೋವಿದ್ದರೆ ಯೂರಿಕ್ ಆಸಿಡ್ ಏರಿರಬಹುದು. ಲ್ಯಾಸಿಕ್ಸ್, ಥಯಜೈಡ್ ಎರಡೂ ಅದನ್ನು ಏರಿಸುತ್ತವೆ.

ಎಡಗಾಲು ಮಾತ್ರ ಬಾತಿದೆ. ನೀರಿನ ಮಾತ್ರೆ ಒಂದು ಜಾಸ್ತಿ ಕೊಡಲಾ?

ಕೊಡಬೇಡಿ. ಹೃದಯ, ಕಿಡ್ನಿಯ ನೀರು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ಬಿಸಿಯಾಗಿ, ನೋವಿದ್ದರೆ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಥವಾ ಸೋಂಕಾಗಿರಬಹುದು. ಉಜ್ಜಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ, ಅದೇ ದಿನ ತೋರಿಸಿ. ಇನ್ನೊಂದು ಮಾತು. ಅಮ್ಲೋಡಿಪಿನ್ ಎನ್ನುವ ಬಿಪಿ ಮಾತ್ರೆಯಿಂದಲೂ ಪಾದ ಬಾಯುತ್ತದೆ. ಆ ಬಾವಿಗೆ ನೀರಿನ ಮಾತ್ರೆ ಅಷ್ಟಾಗಿ ತಾಗುವುದಿಲ್ಲ, ಆ ಬಿಪಿ ಮಾತ್ರೆಯನ್ನೇ ಡಾಕ್ಟರು ಬದಲಿಸಬೇಕು.

ಮಂಗಳೂರಿನ ಡಾಕ್ಟರ್ ಒಂದು ಬರೆದಿದ್ದಾರೆ, ಇಲ್ಲಿನ ಆಸ್ಪತ್ರೆಯಲ್ಲಿ ಬೇರೆ ಕೊಟ್ಟಿದ್ದಾರೆ. ಎರಡೂ ಕೊಡುವುದಾ?

ಗಡಿಯ ಊರಿನಲ್ಲಿ ಅತಿ ಹೆಚ್ಚು ಭಯ ಹುಟ್ಟಿಸುವ ಪ್ರಶ್ನೆ ನನಗೆ ಇದೇ. ಅಲ್ಲಿನ ಚೀಟಿಯಲ್ಲಿ ಬ್ರಾಂಡಿನ ಹೆಸರು, ಇಲ್ಲಿನ ಸರಕಾರಿ ಔಷಧಾಲಯದ ಪಟ್ಟಿಯಲ್ಲಿ ಮದ್ದಿನ ಹೆಸರು. ಡೈಟರ್ ಪ್ಲಸ್ ಒಂದರಲ್ಲೇ ಸ್ಪೈರೋನೊಲ್ಯಾಕ್ಟೋನ್ 50 ಮಿಗ್ರಾಂ ಇರುತ್ತದೆ. ಇಲ್ಲಿ ಸಿಕ್ಕಿದ ಸ್ಪೈರೋನೊಲ್ಯಾಕ್ಟೋನನ್ನೂ ಸೇರಿಸಿದರೆ ಅದೇ ಮದ್ದು ಎರಡು ಸಲ ಹೋದ ಹಾಗೆ. ಮನೆಯ ಹಿರಿಯರಿಗೆ ಕನ್ನಡ ಮಾತ್ರ ಓದಲು ಬರುತ್ತದೆ, ಪೊಟ್ಟಣದ ಮೇಲೆ ಬರೆದದ್ದು ಮಲಯಾಳದಲ್ಲಿ. ಹಾಗಾಗಿ ಒಂದೇ ಪುಸ್ತಕ ಇಡಿ. ಎಡಬದಿಯಲ್ಲಿ ಮದ್ದಿನ ಹೆಸರು ಕನ್ನಡದಲ್ಲಿ, ಯಾವ ಹೊತ್ತು, ಯಾಕೆ. ಬಲಬದಿಯಲ್ಲಿ ದಿನದ ತೂಕ, ಬಿಪಿ. ಯಾವ ಆಸ್ಪತ್ರೆಗೆ ಹೋದರೂ ಪುಸ್ತಕ ಮತ್ತು ಎಲ್ಲ ಮಾತ್ರೆಗಳ ಸ್ಟ್ರಿಪ್ ತೆಗೆದುಕೊಂಡು ಹೋಗಿ. ಸ್ಟ್ರಿಪ್ ಕತ್ತರಿಸುವಾಗ ಹೆಸರು ಇರುವ ತುದಿಯನ್ನು ಕೊನೆಯವರೆಗೆ ಉಳಿಸಿ.

ಯಾವಾಗ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಮಲಗಲಿಕ್ಕಾಗದಷ್ಟು ದಮ್ಮು, ನೊರೆ ನೊರೆ ಕಫ, ಎದೆನೋವು, ಎಚ್ಚರ ತಪ್ಪುವುದು, ಎದೆಬಡಿತ ಏರುಪೇರಾಗುವುದು, ಕೈಕಾಲಿನ ಬಲವೇ ಹೋಗುವುದು, ಅರ್ಧ ದಿನದಿಂದ ಮೂತ್ರವೇ ಇಲ್ಲದಿರುವುದು. ಇವುಗಳಲ್ಲಿ ಒಂದು ಇದ್ದರೂ 108ಕ್ಕೆ ಫೋನ್ ಮಾಡಿ. ದಮ್ಮು ಇರುವವರನ್ನು ಮಲಗಿಸಬೇಡಿ. ಕಾಲು ಕೆಳಗೆ ಬಿಟ್ಟು ಕೂರಿಸಿಯೇ ಕರೆದುಕೊಂಡು ಹೋಗಿ.

## ನರ್ಸಿಂಗ್ ಕಲಿಯುವವರೂ ಹೊಸ ಸ್ಟಾಫ್ ನರ್ಸುಗಳೂ ಕೇಳುವುದು

ಆರ್ಡರ್ ಇದೆ, ಹೊತ್ತಾಗಿದೆ. ಕೊಡುವ ಮೊದಲು ಏನೇನು ನೋಡಲೇಬೇಕು?

ಬಿಪಿ, ನಾಡಿ, ಇವತ್ತಿನ ತೂಕ, ನಿನ್ನೆಯ ಒಟ್ಟು ಮೂತ್ರ. ಕೊನೆಯ ಪೊಟ್ಯಾಸಿಯಂ, ಸೋಡಿಯಂ, ಕ್ರಿಯಾಟಿನಿನ್ ಮತ್ತು ಅದರ ತಾರೀಕು. ಪೊಟ್ಯಾಸಿಯಂ 3.5ರಿಂದ 5.0 ಇರಬೇಕು. ಜೋರಿನ ಮಾತ್ರೆ ಕೊಡುವಾಗ 3.5ಕ್ಕಿಂತ ಕೆಳಗಿದ್ದರೆ, ಸ್ಪೈರೋನೊಲ್ಯಾಕ್ಟೋನ್ ಕೊಡುವಾಗ 5.0 ದಾಟಿದ್ದರೆ, ಮೇಲಿನ ಬಿಪಿ 90ಕ್ಕಿಂತ ಕಮ್ಮಿ ಇದ್ದರೆ ಕೊಡದೆ ಡಾಕ್ಟರಿಗೆ ತಿಳಿಸಿ. ನಿಮ್ಮ ವಾರ್ಡಿನ ಆರ್ಡರಿನಲ್ಲಿ ಬೇರೆ ಮಿತಿ ಬರೆದಿದ್ದರೆ ಅದನ್ನು ಪಾಲಿಸಿ. ಸಲ್ಫಾ ಅಲರ್ಜಿ ಕೇಳಿ. ಲ್ಯಾಸಿಕ್ಸ್‌ನಿಂದಲೂ ಅಲರ್ಜಿ ಆಗುವುದು ಅಪರೂಪ, ಆದರೆ ಡಾಕ್ಟರಿಗೆ ಗೊತ್ತಿರಬೇಕು. ತಡೆಹಿಡಿದರೆ ಯಾಕೆ, ಯಾರಿಗೆ ಹೇಳಿದಿರಿ, ಎಷ್ಟು ಹೊತ್ತಿಗೆ, ಮೂರನ್ನೂ ಬರೆಯಿರಿ.

ಸ್ಪೈರೋನೊಲ್ಯಾಕ್ಟೋನ್ ಹೊಸದಾಗಿ ಸುರುವಾದರೆ ಒಂದು ವಾರಕ್ಕೆ ಮತ್ತು ನಾಲ್ಕು ವಾರಕ್ಕೆ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡುವುದು ರೂಢಿ. ಡಿಸ್ಚಾರ್ಜ್ ಮಾಡುವಾಗ ಆ ತಾರೀಕುಗಳನ್ನು ಚೀಟಿಯಲ್ಲಿ ಬರೆದುಕೊಡಿ.

ಲ್ಯಾಸಿಕ್ಸ್ ಇಂಜೆಕ್ಷನ್ ಎಷ್ಟು ನಿಧಾನ ಕೊಡಬೇಕು? ನಿಧಾನ ಅಂತ ಮಾತ್ರ ಹೇಳುತ್ತಾರೆ.

20ರಿಂದ 40 ಮಿಗ್ರಾಂ ಆದರೆ ಒಂದರಿಂದ ಎರಡು ನಿಮಿಷ, ಗಡಿಯಾರ ನೋಡಿಯೇ. ದೊಡ್ಡ ಡೋಸನ್ನು ಡ್ರಿಪ್ಪಿನಲ್ಲಿ ಕೊಡುವಾಗ ನಿಮಿಷಕ್ಕೆ 4 ಮಿಗ್ರಾಂ ದಾಟಬಾರದು. ಬೇಗ ಕೊಟ್ಟರೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಕಿವಿ ಮಂದವಾಗುತ್ತದೆ. ಜೆಂಟಾಮೈಸಿನ್, ಅಮಿಕಾಸಿನ್ ಜೊತೆಗಿದ್ದರೆ, ಕಿಡ್ನಿ ಸೋತಿದ್ದರೆ ಈ ಅಪಾಯ ಇನ್ನೂ ಹೆಚ್ಚು. ಕಿವಿಯ ಬಗ್ಗೆ ರೋಗಿಯನ್ನು ನೀವೇ ಕೇಳಿ, ಅವರಾಗಿ ಹೇಳುವುದಿಲ್ಲ.

ಈ ಇಂಜೆಕ್ಷನ್ ಕ್ಷಾರ ಗುಣದ್ದು. ಆಮ್ಲ ಗುಣದ ದ್ರಾವಣದಲ್ಲಿ ಬೆರೆತರೆ ಗಟ್ಟಿಕಟ್ಟುತ್ತದೆ. ತೆಳು ಮಾಡಲು ನಾರ್ಮಲ್ ಸಲೈನ್ ಬಳಸಿ, ಬೇರೆ ಮದ್ದಿನ ಜೊತೆ ಒಂದೇ ಸಿರಿಂಜಿಗೆ ತೆಗೆಯಬೇಡಿ, ಲೈನನ್ನು ಮೊದಲೂ ಆಮೇಲೂ ಸಲೈನಿನಿಂದ ತೊಳೆಯಿರಿ. ಹಳದಿಯಾದ ಆಂಪ್ಯೂಲ್ ಬಿಸಾಡಿ. ಬಾಯಿಯಿಂದ 40 ಮಿಗ್ರಾಂ ಅಂದರೆ ಇಂಜೆಕ್ಷನ್ನಿನಲ್ಲಿ ಸುಮಾರು 20 ಮಿಗ್ರಾಂ ಎನ್ನುವುದು ತಲೆಯಲ್ಲಿರಲಿ. ಮಾತ್ರೆಯಿಂದ ಇಂಜೆಕ್ಷನ್ನಿಗೆ ಬದಲಿಸಿದ ಆರ್ಡರಿನಲ್ಲಿ ಅನುಮಾನ ಬಂದರೆ ಕೇಳಲು ಇದೇ ಆಧಾರ.

ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಆಯಿತು, ಬ್ಯಾಗಿನಲ್ಲಿ ಮೂತ್ರ ಇಲ್ಲ. ಇನ್ನೊಂದು ಡೋಸು ಕೇಳಲಾ?

ಮೊದಲು ರೋಗಿಯ ಹತ್ತಿರ ಹೋಗಿ. ರಕ್ತನಾಳಕ್ಕೆ ಕೊಟ್ಟರೆ ಐದು ನಿಮಿಷದಲ್ಲಿ ಕೆಲಸ ಸುರು, ಅರ್ಧ ಗಂಟೆಗೆ ತುತ್ತತುದಿ, ಎರಡು ಗಂಟೆಗೆ ಮುಗಿಯುತ್ತದೆ. ಟ್ಯೂಬ್ ಮಡಚಿದೆಯಾ, ಕಟ್ಟಿದೆಯಾ ನೋಡಿ. ಹೊಕ್ಕುಳಿನ ಕೆಳಗೆ ಮುಟ್ಟಿ, ಮೂತ್ರಕೋಶ ಗಟ್ಟಿಯಾಗಿ ಸಿಗುತ್ತದಾ? ಪ್ರೊಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಅಜ್ಜಂದಿರಿಗೆ ಮೂತ್ರ ತಯಾರಾಗಿ ಒಳಗೇ ಕಟ್ಟಿರುತ್ತದೆ, ಆಗ ಇನ್ನೊಂದು ಡೋಸು ನರಕ ಯಾತನೆ. ಸೂಜಿ ಹಾಕಿದ ಜಾಗ ಬಾತು ಮದ್ದು ಹೊರಗೆ ಹೋಯಿತಾ? ಬಿಪಿ ಕುಸಿದಿದೆಯಾ? ಇಷ್ಟು ನೋಡಿ ಆಮೇಲೆ ಡಾಕ್ಟರನ್ನು ಕರೆಯಿರಿ. ಹೃದಯ ಸೋತು ನೀರು ತುಂಬಿದವರಲ್ಲಿ ಮೊದಲ ಆರು ಗಂಟೆ ಗಂಟೆಗೆ 100ರಿಂದ 150 ಮಿಲಿಯಾದರೂ ಬರಬೇಕು. ಹಾಗಾಗಿ ಗಂಟೆಗಂಟೆಯ ಲೆಕ್ಕ ಬರೆಯಿರಿ.

ಪೊಟ್ಯಾಸಿಯಂ ಕಮ್ಮಿ ಬಂದಿದೆ. ಸಿರಪ್ಪು, ಡ್ರಿಪ್ಪು ಕೊಡುವಾಗ ಏನು ಎಚ್ಚರ?

ಸಿರಪ್ಪನ್ನು ಅರ್ಧ ಲೋಟ ನೀರಿನಲ್ಲಿ ಬೆರೆಸಿ ಊಟದ ನಂತರ ಕೊಡಿ. ಹಾಗೆಯೇ ಕೊಟ್ಟರೆ ಹೊಟ್ಟೆ ಉರಿ, ವಾಂತಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ನೇರವಾಗಿ ರಕ್ತನಾಳಕ್ಕೆ ಎಂದೆಂದೂ ತಳ್ಳಬಾರದು. ಹೃದಯ ನಿಲ್ಲುತ್ತದೆ. ಬಾಟಲಿಗೆ ಹಾಕಿ ಚೆನ್ನಾಗಿ ಅಲುಗಿಸಿ ಬೆರೆಸಿ, ಕೈಯ ಲೈನಿನಲ್ಲಿ ಸಾಮಾನ್ಯವಾಗಿ ಗಂಟೆಗೆ 10 ಮಿಲಿಇಕ್ವಿವಲೆಂಟ್ ದಾಟದಂತೆ ಬಿಡಿ. ಮೂತ್ರ ಬರುತ್ತಿದೆ ಅಂತ ನೋಡಿಕೊಂಡೇ ಸುರುಮಾಡಿ. ಆ ಆಂಪ್ಯೂಲನ್ನು ಲ್ಯಾಸಿಕ್ಸ್ ಇರುವ ಟ್ರೇಯಲ್ಲಿ ಇಡಲೇಬೇಡಿ.

ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ವಿಷದಂತೆ ಕೆಲಸ ಮಾಡುತ್ತದೆ. ಊಟ ಸೇರದಿರುವುದು, ವಾಕರಿಕೆ, ಕಣ್ಣಿಗೆ ಹಳದಿ ಕಾಣುವುದು, ನಾಡಿ 60ಕ್ಕಿಂತ ಕೆಳಗೆ ಬರುವುದು, ಇವು ಸೂಚನೆ. ಡಿಗಾಕ್ಸಿನ್ ಕೊಡುವ ಮೊದಲು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ.

ಲಿವರ್ ರೋಗಿಗೆ ಹೊಟ್ಟೆಯಲ್ಲಿ ನೀರು. ಬೇಗ ಇಳಿದಷ್ಟು ಒಳ್ಳೆಯದಲ್ವಾ?

ಅಲ್ಲ. ಹೊಟ್ಟೆಯ ನೀರು ರಕ್ತಕ್ಕೆ ವಾಪಸ್ ಬರುವುದೇ ನಿಧಾನ. ಕಾಲಿನಲ್ಲಿ ಬಾವು ಇಲ್ಲದಿದ್ದರೆ ದಿನಕ್ಕೆ ಅರ್ಧ ಕಿಲೋ, ಬಾವು ಇದ್ದರೆ ಒಂದು ಕಿಲೋಗಿಂತ ಜಾಸ್ತಿ ಇಳಿಯಬಾರದು. ಅದಕ್ಕಿಂತ ಬೇಗ ಇಳಿದರೆ ಕಿಡ್ನಿ ಕೆಡುತ್ತದೆ, ಮಂಪರು ಬರುತ್ತದೆ. ಇಲ್ಲಿ ಸ್ಪೈರೋನೊಲ್ಯಾಕ್ಟೋನೇ ಮುಖ್ಯ, 100 ಮಿಗ್ರಾಂಗೆ 40 ಮಿಗ್ರಾಂ ಫ್ಯೂರೋಸಿಮೈಡ್ ಎನ್ನುವ ಅನುಪಾತದಲ್ಲಿ ಬರೆಯುವುದು ರೂಢಿ. ಗಂಡಸರಿಗೆ ಎದೆ ಉಬ್ಬಿ ನೋವಾಗಬಹುದು. ನಾಚಿಕೆಯಿಂದ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಮೊದಲೇ ತಿಳಿಸಿಟ್ಟರೆ ಬಿಡುವುದಿಲ್ಲ.

ಕೊನೆಯ ದಿನಗಳಲ್ಲಿರುವವರು ನುಂಗುವುದಿಲ್ಲ. ನೀರಿನ ಮಾತ್ರೆ ಮುಂದುವರಿಸುವುದಾ?

ದಮ್ಮು ನೀರಿನಿಂದಲೇ ಬರುತ್ತಿದ್ದರೆ ಈ ಮದ್ದು ಆಗಲೂ ನೆಮ್ಮದಿ ಕೊಡುತ್ತದೆ. ಅಂಥವರಿಗೆ ಫ್ಯೂರೋಸಿಮೈಡನ್ನು ಚರ್ಮದ ಕೆಳಗೆ ಇಂಜೆಕ್ಷನ್ ಆಗಿ ಕೊಡುವ ಕ್ರಮ ಪಾಲಿಯೇಟಿವ್ ಆರೈಕೆಯಲ್ಲಿದೆ, ಡಾಕ್ಟರ ಆರ್ಡರಿನ ಮೇಲೆ. ತಿನ್ನುವುದು ಕುಡಿಯುವುದು ನಿಂತು, ಮೂತ್ರವೂ ಕಮ್ಮಿಯಾದ ಮೇಲೆ ಮುಂದುವರಿಸಿದರೆ ಬಾಯಿ ಒಣಗಿಸುವುದು, ಪದೇ ಪದೇ ಒದ್ದೆ ಮಾಡಿಸುವುದು ಬಿಟ್ಟು ಬೇರೇನೂ ಆಗದೇ ಇರಬಹುದು. ಆಗ ನಿಲ್ಲಿಸುವ ಮಾತನ್ನು ಡಾಕ್ಟರೂ ಮನೆಯವರೂ ಒಟ್ಟಿಗೆ ಕೂತು ಆಡಬೇಕು. “ನಾವು ಮದ್ದು ನಿಲ್ಲಿಸಿದ್ದರಿಂದಲೇ ಹೋದರು” ಎನ್ನುವ ಭಾರ ಮಗನ ಮೇಲೋ ಸೊಸೆಯ ಮೇಲೋ ಉಳಿಯಬಾರದು. ಯಾಕೆ ನಿಲ್ಲಿಸುತ್ತಿದ್ದೇವೆ ಅಂತ ಅವರ ಭಾಷೆಯಲ್ಲಿ, ಅವರಿಗೆ ಅರ್ಥವಾಗುವವರೆಗೆ ಹೇಳಿ. ದಮ್ಮು ಬಂದರೆ ಯಾವ ಮದ್ದು, ಎಷ್ಟು, ಯಾರಿಗೆ ಫೋನ್ ಎನ್ನುವುದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಟ್ಟೇ ಆ ಮನೆಯಿಂದ ಹೊರಡಿ.